ಹ್ಯಾಕೆಟ್ ಹೊರಗೆ ಬರಲಿಲ್ಲ

ನಿನ್ನೆ ಸಂಜೆ ಮೊದಲ ಮಹಾಯುದ್ಧದ ಕುರಿತು ನಡೆದ ಉಪನ್ಯಾಸದ ಕೊನೆಯಲ್ಲಿ ಸಭಿಕರೊಬ್ಬರು ಎದ್ದು ನಿಂತು, ವಿಲಿಯಂ ಹ್ಯಾಕೆಟ್ ಮಾಡಿದ್ದು ಬರೀ ಹುಚ್ಚುತನ, ಒಬ್ಬನಾದರೂ ಬದುಕಬಹುದಾಗಿದ್ದಲ್ಲಿ ಇಬ್ಬರು ಸತ್ತರು ಎಂದರು. ಹಲವರು ತಲೆಯಾಡಿಸಿದರು. ರಾತ್ರಿಯಿಡೀ ಆ ಮಾತು ನನ್ನನ್ನು ಕೊರೆದಿದೆ.

ಹ್ಯಾಕೆಟ್ ಇಂಗ್ಲೆಂಡಿನ ಮೆಕ್ಸ್‌ಬರೋ ಊರಿನ ಕಲ್ಲಿದ್ದಲು ಗಣಿ ಕಾರ್ಮಿಕ. ವಯಸ್ಸು ಮೀರಿದೆಯೆಂದು ಕಾಲಾಳು ಪಡೆಯವರು ಮೂರು ಸಲ ವಾಪಸು ಕಳಿಸಿದ ಈತನನ್ನು 1915ರಲ್ಲಿ ಬ್ರಿಟಿಷ್ ಸೇನೆಯ ಎಂಜಿನಿಯರಿಂಗ್ ದಳವಾದ ರಾಯಲ್ ಎಂಜಿನಿಯರ್ಸ್ ಸೇರಿಸಿಕೊಂಡಿತು. ಅದರ ಸುರಂಗ ಪಡೆಗಳಿಗೆ ನೆಲದೊಳಗಿನ ಕತ್ತಲೆಯ ಪರಿಚಯವಿದ್ದವರು ಬೇಕಿತ್ತು. ಶತ್ರುವಿನ ಕಂದಕದ ಅಡಿಯವರೆಗೆ ಕೊರೆದು ಸಿಡಿಮದ್ದು ತುಂಬುವುದು, ಎದುರಿನವರೂ ಅದನ್ನೇ ಮಾಡುತ್ತಿದ್ದಾರೆಯೇ ಎಂದು ಮಣ್ಣಿಗೆ ಕಿವಿಯಾನಿಸಿ ಆಲಿಸುವುದು ಇವರ ಕೆಲಸವಾಗಿತ್ತು. ಜೇಡಿಮಣ್ಣಿನಲ್ಲಿ ಪಿಕಾಸಿ ಬೀಸಿದರೆ ಸದ್ದು ಕೇಳಿಬಿಡುತ್ತದೆ. ಆದ್ದರಿಂದ ಒಬ್ಬ ಮರದ ಆಸರೆಗೆ ಬೆನ್ನು ಕೊಟ್ಟು ಒರಗಿ, ಎರಡೂ ಪಾದಗಳಿಂದ ಸನಿಕೆಯನ್ನು ಒತ್ತಿ ಹೆಂಟೆ ಕೀಳುತ್ತಿದ್ದ, ಜೊತೆಗಾರ ಅದನ್ನು ಮೆಲ್ಲಗೆ ಚೀಲಕ್ಕೆ ತುಂಬುತ್ತಿದ್ದ. ಇಂಥ ಕೆಲಸದಲ್ಲಿ ಜೊತೆಗಾರನ ಉಸಿರೂ ನಮ್ಮ ಲೆಕ್ಕಕ್ಕೇ ಸೇರುತ್ತದೆ.

1916ರ ಜೂನ್ 22ರ ನಸುಕಿನಲ್ಲಿ, ಫ್ರಾನ್ಸಿನ ಜಿವಾಂಶಿ ಎಂಬಲ್ಲಿ ಜರ್ಮನ್ನರು ಹೂತಿಟ್ಟ ಮದ್ದು ಸಿಡಿದು, 254ನೇ ಸುರಂಗ ಪಡೆಯ ಸುರಂಗ ಕುಸಿಯಿತು. ಹ್ಯಾಕೆಟ್ ಸೇರಿ ಐವರು ಒಳಗೆ ಸಿಕ್ಕಿಕೊಂಡರು. 20 ಗಂಟೆಗಳ ದುಡಿಮೆಯ ಮೇಲೆ ಮಣ್ಣು ಮತ್ತು ಮುರಿದ ತೊಲೆಗಳ ನಡುವೆ ಒಂದು ಕಂಡಿ ಮೂಡಿತು. ಹ್ಯಾಕೆಟ್ ಮೂವರನ್ನು ಅದರೊಳಗಿಂದ ಹೊರಗೆ ದಾಟಿಸಿದ. ಒಳಗೆ ಉಳಿದವನು ಗಾಯಗೊಂಡಿದ್ದ 22 ವರ್ಷದ ಹುಡುಗ ಥಾಮಸ್ ಕಾಲಿನ್ಸ್. ಹೊರಗಿನವರು ಕರೆದರೂ, ‘ನಾನು ಸುರಂಗದವನು, ಮೊದಲು ಉಳಿದವರನ್ನು ನೋಡಿಕೊಳ್ಳಬೇಕು’ ಎಂದು ಹ್ಯಾಕೆಟ್ ಬರಲೊಪ್ಪಲಿಲ್ಲ. ಕಂಡಿ ಕಿರಿದಾಗುತ್ತ ಹೋಗಿ, ಕೊನೆಗೆ ಸುರಂಗವೇ ಕುಸಿದು ಬಿತ್ತು. ಮುಂದೆ ನಾಲ್ಕು ದಿನ ಅಗೆದರೂ ಅವರಿಬ್ಬರು ಸಿಗಲಿಲ್ಲ.

ಇಬ್ಬರಿಗಿಂತ ಒಬ್ಬ ಸಾಯುವುದು ಕಡಿಮೆ ನಷ್ಟ ಎಂಬ ಲೆಕ್ಕ ಕಾಗದದ ಮೇಲೆ ಸರಿಯಿರಬಹುದು. ಆದರೆ ಗಾಯಗೊಂಡರೆ ಜೊತೆಯವರು ಬಿಟ್ಟು ಹೋಗುತ್ತಾರೆಂದು ಗೊತ್ತಿದ್ದರೆ ಮರುದಿನ ಆ ಸುರಂಗಕ್ಕೆ ಯಾರು ಇಳಿಯುತ್ತಾರೆ? ಹುಚ್ಚುತನ ಎಂದವರು ಈ ಪ್ರಶ್ನೆಯನ್ನು ಕೇಳಿಕೊಂಡೇ ಇರಲಿಲ್ಲ.

ನನ್ನ ತಂದೆ ಕೋಲಾರದ ಚಿನ್ನದ ಗಣಿಗೆ ಇಳಿಯುತ್ತಿದ್ದವರು. ಒಂದು ದಿನ ಪಾಳಿ ಮುಗಿದು ಬಹಳ ಹೊತ್ತಾದರೂ ಬಾರದ ಅವರನ್ನು ಹುಡುಕಿಕೊಂಡು ಹೋದಾಗ, ಗಣಿಬಾಯಿಯ ಹತ್ತಿರ, ಹುಬ್ಬಿನ ಮೇಲೆ ಬೂದು ಧೂಳು ಮೆತ್ತಿಕೊಂಡು, ಮೇಲೆ ಬರಬೇಕಾದ ಇನ್ನೊಬ್ಬನಿಗಾಗಿ ನಿಂತಿದ್ದರು. ನಾನು ಅಂಗಿ ಜಗ್ಗಿದರೂ ತಿರುಗಿ ನೋಡಲಿಲ್ಲ. ನನಗಿಂತ ಆ ಪರರೇ ಹೆಚ್ಚಾದರು ಎಂದು ನಾನು ವರ್ಷಗಟ್ಟಲೆ ಅವರ ಮೇಲೆ ಕೋಪ ಇಟ್ಟುಕೊಂಡಿದ್ದೆ. ನಿನ್ನೆಯ ಮಾತು ನನ್ನನ್ನು ಇಷ್ಟು ಸುಟ್ಟಿದ್ದು, ಒಂದು ಕಾಲಕ್ಕೆ ನಾನೂ ಅದನ್ನೇ ಹೇಳುತ್ತಿದ್ದೆನೆಂಬ ಕಾರಣಕ್ಕೆ.

ಹ್ಯಾಕೆಟ್‌ನ ಹೆಸರು ಬೆಲ್ಜಿಯಂನ ಪ್ಲೋಗ್‌ಸ್ಟೀರ್ಟ್ ಸ್ಮಾರಕದಲ್ಲಿದೆ, ಕಾಲಿನ್ಸ್‌ನದು ಫ್ರಾನ್ಸಿನ ತಿಯೆಪ್ವಾಲ್ ಸ್ಮಾರಕದಲ್ಲಿ. ಅವರಿಬ್ಬರು ಮಾತ್ರ ಜಿವಾಂಶಿಯ ಹೊಲದಡಿ, ಸುಮಾರು 12 ಮೀಟರ್ ಆಳದಲ್ಲಿ, ಇಂದಿಗೂ ಒಟ್ಟಿಗೇ ಇದ್ದಾರೆ.