ಬಾಸೆಲ್‌ನಲ್ಲಿ ಮೊಲ, ಸೋಮವಾರಪೇಟೆಯಲ್ಲಿ ಟೈಗರ್

ಈ ಮಾರ್ಚಿನಲ್ಲಿ ಸೋಮವಾರಪೇಟೆಗೆ ಹೋದಾಗ ಹೂಮಳೆ ಬಿದ್ದು ಕಾಫಿ ಹೂವು ಬಿಟ್ಟಿತ್ತು. ಮನೆಯೆಲ್ಲ ಅದರದ್ದೇ ಘಮ. ದೊಡ್ಡಪ್ಪನ ಕೋಣೆಯಲ್ಲಿ ಮಾತ್ರ ಡೆಟಾಲ್ ವಾಸನೆ. ಹೋದ ವರ್ಷ ಕರಿಮೆಣಸು ಕೊಯ್ಯುವಾಗ ಏಣಿ ಜಾರಿ ತಲೆಗೆ ಏಟಾಗಿತ್ತು. ಈಗ ಕಣ್ಣು ಬಿಡುತ್ತಾರೆ. ಒಮ್ಮೊಮ್ಮೆ ಅವರ ನೋಟ ನಮ್ಮ ಹಿಂದೆಯೇ ಬಂದ ಹಾಗಿರುತ್ತದೆ, ಮರುಗಳಿಗೆ ಇಲ್ಲ. ಊರಲ್ಲಿ ಇದಕ್ಕೆಲ್ಲ ಒಂದೇ ಮಾತು: "ಜ್ಞಾನ ಬಂದಿಲ್ಲ."

ಅವರ ನಾಯಿ ಟೈಗರ್ ಬಾಗಿಲಾಚೆ ಮಲಗಿರುತ್ತಿತ್ತು. ತೋಟದಲ್ಲಿ ದೊಡ್ಡಪ್ಪನ ಕಾಲಡಿಯಲ್ಲೇ ಬೆಳೆದ ನಾಯಿ. ಹೊಸ್ತಿಲ ಮೇಲೆ ಕಾಲಿಟ್ಟರೆ ಸಾಕು, "ಹಚಾ!" ಅಂತ ಯಾರಾದರೂ ಗದರುತ್ತಿದ್ದರು.

ನಾನಿರುವ ಸ್ವಿಟ್ಜರ್ಲೆಂಡಿನ ಬಾಸೆಲ್‌ನಲ್ಲಿ ಇದಕ್ಕೆ ಉಲ್ಟಾ. ಇಲ್ಲಿ ಮೆದುಳಿಗೆ, ಬೆನ್ನುಹುರಿಗೆ ಪೆಟ್ಟು ಬಿದ್ದವರಿಗಾಗಿ ರೆಹಾಬ್ ಬಾಸೆಲ್ ಎಂಬ ಆಸ್ಪತ್ರೆ ಇದೆ. ಅಲ್ಲಿ ಕುದುರೆ, ಕುರಿ, ಮೊಲ, ಗಿನಿಪಿಗ್ ಎಲ್ಲ ಸಾಕಿದ್ದಾರೆ. ಚಂದಕ್ಕಲ್ಲ, ಚಿಕಿತ್ಸೆಗೆ. 2019ರಲ್ಲಿ ಅಲ್ಲಿನವರು ಒಂದು ಅಧ್ಯಯನ ಪ್ರಕಟಿಸಿದರು. ದೊಡ್ಡಪ್ಪನ ಹಾಗೆ ಅರೆಬರೆ ಪ್ರಜ್ಞೆ ಇರುವ 10 ರೋಗಿಗಳು. ಒಬ್ಬೊಬ್ಬರಿಗೂ ಪ್ರಾಣಿಯ ಜೊತೆ 8 ಸಲ, ಪ್ರಾಣಿ ಇಲ್ಲದೆ 8 ಸಲ ಚಿಕಿತ್ಸೆ. ಎಲ್ಲದರ ವಿಡಿಯೊ ಮಾಡಿ, ಕಣ್ಣು ಎಷ್ಟು ಆಡಿತು, ಕೈ ಎಷ್ಟು ಅಲುಗಿತು ಅಂತ ಎಣಿಸಿದರು. ಎದೆಬಡಿತವನ್ನೂ ಅಳೆದರು. ಪ್ರಾಣಿ ಇದ್ದಾಗ ಸ್ಪಂದನೆ ಜಾಸ್ತಿ ಇತ್ತು.

ಹತ್ತೇ ಜನ, ನೆನಪಿರಲಿ. ಯಾರೂ ಎದ್ದು ಕೂತು ಮಾತಾಡಲಿಲ್ಲ. ಮೊಲ ಮುಟ್ಟಿದರೆ ಜ್ಞಾನ ಬರುತ್ತದೆ ಅಂತ ಯಾರಾದರೂ ಹೇಳಿದರೆ ನಂಬಬೇಡಿ.

ನನಗೆ ಹೊಟ್ಟೆಕಿಚ್ಚು ಆಗಿದ್ದು ಮೊಲ ನೋಡಿ ಅಲ್ಲ. ಪ್ರಾಣಿಗೆ ಕೊಡಗಿನಲ್ಲಿ ಏನು ಬರ? ದುಬಾರೆಯಲ್ಲಿ ಆನೆಯ ಕಿವಿ ಅಲುಗುವುದನ್ನು ನೋಡಿಯೇ ಅದರ ಮನಸ್ಸು ಹೇಳುವ ಮಾವುತರಿದ್ದಾರೆ. ಹೊಟ್ಟೆಕಿಚ್ಚು ಆ ಎಣಿಕೆಯ ಬಗ್ಗೆ. ಬೆರಳು ಅಲುಗಿದ್ದನ್ನು ಒಬ್ಬರು ಕೂತು ನೋಡುತ್ತಾರೆ, ಬರೆದಿಡುತ್ತಾರೆ. ನಮ್ಮಲ್ಲಿ ಬಂದವರೆಲ್ಲ "ಪಾಪ" ಅಂದು, ಕಾಫಿ ಕುಡಿದು ಹೋಗುತ್ತಾರೆ. ಈ ಅರೆಪ್ರಜ್ಞೆಯನ್ನು ಪೂರ್ತಿ ಅರಿವಿಲ್ಲದ ಸ್ಥಿತಿಯಿಂದ ಬೇರೆ ಮಾಡಿ ವೈದ್ಯರು ವಿವರಿಸಿದ್ದೇ 2002ರಲ್ಲಿ. ಗುರುತು ಸಿಗುವುದು ಇಂಥ ಸಣ್ಣಪುಟ್ಟ ಚಲನೆಯಿಂದಲೇ.

ನೋಡುವವರು ನಮ್ಮಲ್ಲಿ ಇಲ್ಲವೇ ಇಲ್ಲ ಅಂತಲ್ಲ. ಹಲ್ಲೆಯಲ್ಲಿ ಮೆದುಳಿಗೆ ಪೆಟ್ಟಾಗಿ ಹಾಸಿಗೆ ಹಿಡಿದ ನರ್ಸ್, ಹಳದೀಪುರದ ಅರುಣಾ ಶಾನಭಾಗರನ್ನು ಮುಂಬೈಯ ಕೆಇಎಂ ಆಸ್ಪತ್ರೆಯ ನರ್ಸ್‌ಗಳು ಸುಮಾರು 42 ವರ್ಷ ನೋಡಿಕೊಂಡರು. ಅವರಿಗೆ ಮೀನು ಇಷ್ಟ ಅನ್ನುವುದು ಆ ನರ್ಸ್‌ಗಳಿಗೆ ಗೊತ್ತಿತ್ತು.

ಹಾಗಂತ ಇಲ್ಲಿನದ್ದೆಲ್ಲ ಮೇಲು ಅನ್ನಲಾರೆ. ಇಲ್ಲಿ ಮೊಲ ಬರುವುದು ಗಡಿಯಾರ ನೋಡಿಕೊಂಡು, ಅದೂ ಗುರುತಿಲ್ಲದ ಮೊಲ. ಟೈಗರ್‌ಗೆ ದೊಡ್ಡಪ್ಪನ ಬೆವರಿನ ವಾಸನೆಯೂ ಗೊತ್ತು.

ದೊಡ್ಡಮ್ಮನಿಗೆ ಇದನ್ನೆಲ್ಲ ಹೇಳಿದೆ. "ಉಣ್ಣಿ ಇರುವ ನಾಯಿಯನ್ನು ಹಾಸಿಗೆ ಹತ್ತಿರ ಬಿಡೋದಾ?" ಅಂದರು. ನ್ಯಾಯವಾದ ಮಾತು. ಬಾಸೆಲ್‌ನವರೂ ಸುಮ್ನೆ ಒಳಗೆ ಬಿಡುವುದಿಲ್ಲ. ಮೊದಲು ಡಾಕ್ಟರನ್ನು ಕೇಳಿದೆವು. ಟೈಗರ್‌ಗೆ ರೇಬೀಸ್ ಲಸಿಕೆ, ಜಂತಿನ ಮಾತ್ರೆ ಆಯಿತು. ಉಣ್ಣಿ ಹೋಯಿತು, ಉಗುರು ಕತ್ತರಿಸಿದ್ದಾಯಿತು. ಮೂಗಿನ ಪೈಪ್, ಬೆನ್ನಿನ ಹುಣ್ಣಿನ ಹತ್ತಿರ ಮೂತಿ ತರಬಾರದು. ಒಬ್ಬರು ಹಗ್ಗ ಹಿಡಿದೇ ಇರಬೇಕು. ಮುಟ್ಟಿದ ಕೈಯನ್ನು ಆಮೇಲೆ ಸೋಪು ಹಾಕಿ ತೊಳೆಯಬೇಕು. ದೊಡ್ಡಪ್ಪ ಮುಖ ಸಿಂಡರಿಸಿದರೆ, ಉಸಿರು ಜೋರಾದರೆ ನಾಯಿ ಹೊರಗೆ.

ಈಗ ದೊಡ್ಡಮ್ಮ ಕಾಫಿ ಲೆಕ್ಕದ ಹಳೇ ಪುಸ್ತಕದ ಹಿಂಭಾಗದಲ್ಲಿ ಬರೆಯುತ್ತಾರೆ. ಭಾನುವಾರ ಫೋನಿನಲ್ಲಿ ಓದಿ ಹೇಳಿದರು: "ಬುಧವಾರ, ಎಡಗೈ ಎರಡು ಸಲ. ಗುರುವಾರ, ಏನೂ ಇಲ್ಲ. ಶುಕ್ರವಾರ, ಏನೂ ಇಲ್ಲ, ಟೈಗರ್ ನಿದ್ದೆ ಮಾಡಿತು."