ಬೇಲಿ ಮಹಜರು

ಬ್ರಿಸ್ಟಲ್‌ನ ನಮ್ಮ ಮನೆಯ ಮುಂಬಾಗಿಲಿಗೆ ಒಂದು ಕೆಟ್ಟ ಗುಣವಿದೆ. ಹೊರಗೆ ಬಂದು ಎಳೆದುಕೊಂಡರೆ ತಾನಾಗಿಯೇ ಬೀಗ ಬಿದ್ದುಕೊಳ್ಳುತ್ತದೆ. ಕಳೆದ ಬೇಸಿಗೆಯ ಒಂದು ಗುರುವಾರ ಬೆಳಿಗ್ಗೆ ಕಸದ ತೊಟ್ಟಿಯನ್ನು ರಸ್ತೆಗೆ ತಳ್ಳಲು ನಾನು ಹೊರಬಂದೆ. ಅಳಿಯ ಕಸ ತಳ್ಳುವ ಅಪರೂಪದ ದೃಶ್ಯವನ್ನು ಕಣ್ಣಾರೆ ಕಾಣಲು ಊರಿನಿಂದ ಬಂದಿದ್ದ ಮಾವನವರೂ ಹಿಂದೆಯೇ ಬಂದರು. ಬರುವಾಗ ಶಿಸ್ತಿನಿಂದ ಬಾಗಿಲನ್ನು ಎಳೆದುಕೊಂಡರು. ಕೀಲಿ ಒಳಗೆ, ಹೆಂಡತಿ ಆಫೀಸಿನಲ್ಲಿ. ತೆರೆದಿದ್ದುದು ಹಿತ್ತಲ ಬಾಗಿಲೊಂದೇ. ಅಲ್ಲಿಗೆ ಹೋಗಬೇಕಾದರೆ ಪಕ್ಕದ ಮನೆಯ ತೋಟಕ್ಕೆ ನುಗ್ಗಿ, ಆರಡಿ ಎತ್ತರದ ಮರದ ಬೇಲಿಯನ್ನು ಹಾರಬೇಕಿತ್ತು. ಬೇರೆ ದಿನವಾಗಿದ್ದರೆ ನಾನು ಬೀಗ ತೆಗೆಯುವವನಿಗೆ ಫೋನ್ ಮಾಡುತ್ತಿದ್ದೆ. ಆದರೆ ಹಿಂದಿನ ರಾತ್ರಿ ನಾವಿಬ್ಬರೂ ಕೂತು ‘ಹಾಟ್ ಫಜ್’ ನೋಡಿದ್ದೆವು.

ಎಡ್ಗರ್ ರೈಟ್ ನಿರ್ದೇಶನದ ಈ ಚಿತ್ರ ತೆರೆಕಂಡದ್ದು 2007ರಲ್ಲಿ. ಸೈಮನ್ ಪೆಗ್ ಅದರಲ್ಲಿ ನಿಕೋಲಸ್ ಏಂಜೆಲ್ ಎಂಬ ಲಂಡನ್ ಪೊಲೀಸನಾಗಿದ್ದಾನೆ. ಉಳಿದವರಿಗಿಂತ ಶೇ 400ರಷ್ಟು ಹೆಚ್ಚು ಬಂಧನ ಮಾಡುವ ಈತನ ದೆಸೆಯಿಂದ ಇಡೀ ಇಲಾಖೆಗೇ ಮುಜುಗರವಾಗಿ, ಮೇಲಧಿಕಾರಿಗಳು ಸಾರ್ಜೆಂಟ್ ಬಡ್ತಿ ಕೊಟ್ಟು ಸ್ಯಾಂಡ್‌ಫರ್ಡ್ ಎಂಬ ಹಳ್ಳಿಗೆ ಎತ್ತಂಗಡಿ ಮಾಡುತ್ತಾರೆ. ಹಾಸನ ಜಿಲ್ಲೆಯಲ್ಲಿ ಕಾನ್‌ಸ್ಟೆಬಲ್ ಆಗಿ ಸೇರಿ ಎಎಸ್‌ಐ ಆಗಿ ನಿವೃತ್ತರಾದ ಮಾವನವರು ಮೊದಲ ಬಾರಿ ನಕ್ಕದ್ದು ಇಲ್ಲಿಯೇ. “ಇಂಗ್ಲಿಷರು ಹೋಗುವಾಗ ಈ ಪದ್ಧತಿಯನ್ನೂ ನಮಗೆ ಬಿಟ್ಟುಹೋದರು ಅಂದುಕೊಂಡಿದ್ದೆ ಅಳಿಯಂದಿರೇ, ಒಂದು ಪ್ರತಿ ತಮಗೂ ಇಟ್ಟುಕೊಂಡಿದ್ದಾರೆ” ಎಂದರು.

ಗುಂಡು ಹಾರುವ ದೃಶ್ಯಗಳಲ್ಲಿ ಅವರಿಗೆ ಆಸಕ್ತಿ ಹುಟ್ಟಲಿಲ್ಲ. ಅವರನ್ನು ಸೆರೆಹಿಡಿದದ್ದು ಏಂಜೆಲ್ ಕೂತು ಬರೆಯುವ ದೃಶ್ಯಗಳು. ಬೇರೆ ಚಿತ್ರಗಳಲ್ಲಿ ಬಂದೂಕಿಗೆ ಸಲ್ಲುವ ಅಬ್ಬರದ ಸಂಕಲನವನ್ನು ಇಲ್ಲಿ ಅರ್ಜಿ ತುಂಬುವುದಕ್ಕೂ, ಪೆನ್ನು ಒತ್ತುವುದಕ್ಕೂ ಬಳಸಿದ್ದಾರೆ. ಠಾಣೆಯ ರೈಟರ್ ಆಗಿ ಒಂಬತ್ತು ವರ್ಷ ಸವೆಸಿದವರಿಗೆ ಇದಕ್ಕಿಂತ ದೊಡ್ಡ ಗೌರವ ಇನ್ನೇನಿದೆ? ಬೇಲಿ ಕತ್ತರಿಸಿದ ತಕರಾರೊಂದನ್ನು ವಿಚಾರಿಸಲು ಪೊಲೀಸರು ಮುದುಕ ರೈತನೊಬ್ಬನ ಬಳಿ ಹೋಗುವ ಪ್ರಸಂಗವನ್ನಂತೂ ಎರಡು ಸಲ ಹಾಕಿಸಿಕೊಂಡರು. ಆ ರೈತನ ಭಾಷೆ ಒಬ್ಬ ವಯಸ್ಸಾದ ಪೊಲೀಸನಿಗೆ ಮಾತ್ರ ಅರ್ಥವಾಗುತ್ತದೆ. ಆ ಪೊಲೀಸನ ಭಾಷೆ ಡ್ಯಾನಿ ಎಂಬ ಇನ್ನೊಬ್ಬನಿಗೆ ಮಾತ್ರ ಅರ್ಥವಾಗುತ್ತದೆ. ಹೀಗೆ ಎರಡು ಕೈ ದಾಟಿ ಇಂಗ್ಲಿಷು ಇಂಗ್ಲಿಷಿಗೆ ಅನುವಾದವಾಗುತ್ತದೆ. ಒಮ್ಮೆ ಬಂದೋಬಸ್ತಿಗೆಂದು ಕುಂದಾಪುರಕ್ಕೆ ಹೋಗಿದ್ದಾಗ ತಮಗೂ ಇದೇ ಗತಿಯಾಗಿತ್ತೆಂದು ಮಾವನವರು ನೆನಪಿಸಿಕೊಂಡರು. ಆ ರೈತನ ಕೊಟ್ಟಿಗೆಯಲ್ಲಿ ಬಂದೂಕುಗಳ ರಾಶಿಯ ಜೊತೆ ಸಮುದ್ರದಲ್ಲಿ ಹಡಗು ಮುಳುಗಿಸುವ ಬಾಂಬೂ ಇತ್ತೆಂಬುದು ಅವರಿಗೆ ಗೌಣವಾಗಿ ಕಂಡಿತು.

ಚಿತ್ರದ ಗುಟ್ಟನ್ನು ಇಷ್ಟು ವರ್ಷಗಳ ಮೇಲೆ ಬಚ್ಚಿಡುವುದರಲ್ಲಿ ಅರ್ಥವಿಲ್ಲ. ಸ್ಯಾಂಡ್‌ಫರ್ಡಿನಲ್ಲಿ ಸಾಲಾಗಿ ನಡೆಯುವ ‘ಅಪಘಾತ’ಗಳ ಹಿಂದೆ ಇರುವುದು ಹಳ್ಳಿಯ ನೇಬರ್‌ಹುಡ್ ವಾಚ್ ಎಂಬ ನೆರೆಹೊರೆ ಕಾವಲು ಸಮಿತಿ, ಜೊತೆಗೆ ಠಾಣೆಯ ಇನ್‌ಸ್ಪೆಕ್ಟರ್ ಸಾಹೇಬರು. ಬೇಲಿಯೇ ಎದ್ದು ಹೊಲ ಮೇಯುವುದೆಂದರೆ ಇದೇ. ‘ವರ್ಷದ ಅತ್ಯುತ್ತಮ ಹಳ್ಳಿ’ ಪ್ರಶಸ್ತಿ ಕೈತಪ್ಪಬಾರದೆಂದು ಅವರು ಕೆಟ್ಟದಾಗಿ ನಟಿಸಿದವನನ್ನೂ, ವಿಕಾರವಾದ ಮನೆ ಕಟ್ಟಿಸಿದವನನ್ನೂ, ಪತ್ರಿಕೆಯಲ್ಲಿ ಕಾಗುಣಿತ ತಪ್ಪಿ ಬರೆದವನನ್ನೂ ಮುಗಿಸಿಬಿಡುತ್ತಾರೆ. ಕಾಗುಣಿತದ ತಪ್ಪಿಗೆ ಪ್ರಾಣ ತೆಗೆಯುವ ಪದ್ಧತಿ ನಮ್ಮಲ್ಲಿದ್ದಿದ್ದರೆ ಅಲ್ಪಪ್ರಾಣವೂ ಉಳಿಯುತ್ತಿರಲಿಲ್ಲ, ಮಹಾಪ್ರಾಣವೂ ಉಳಿಯುತ್ತಿರಲಿಲ್ಲ.

ಈಗ ಬೇಲಿಗೆ ಬರೋಣ. ಚಿತ್ರದಲ್ಲಿ ಕಳ್ಳನನ್ನು ಅಟ್ಟಿಸಿಕೊಂಡು ಹೋಗುವ ಏಂಜೆಲ್ ಮನೆಗಳ ಹಿತ್ತಲಿನ ಬೇಲಿಗಳನ್ನು ಒಂದಾದ ಮೇಲೊಂದರಂತೆ ಲೀಲಾಜಾಲವಾಗಿ ಹಾರುತ್ತಾನೆ. ಹಿಂದೆ ಬರುವ ದಢೂತಿ ಡ್ಯಾನಿ ಹಾರಲು ಹೋಗಿ ಮೊದಲ ಬೇಲಿಯನ್ನೇ ಮುರಿದುಕೊಂಡು ಬೀಳುತ್ತಾನೆ. ನಾನು ಏಂಜೆಲ್‌ನನ್ನು ಮನಸ್ಸಿನಲ್ಲಿ ನೆನೆದು ಓಡಿದೆ. ಕಂಬದ ಬುಡ ಹಲವು ಮಳೆಗಾಲಗಳಿಂದ ಕೊಳೆತು ಡ್ಯಾನಿಯ ಪಕ್ಷ ಸೇರಿತ್ತು. ಎದೆಯನ್ನು ಬೇಲಿಯ ಮೇಲಿಟ್ಟು ಒಂದು ಕಾಲನ್ನು ಎತ್ತುವಷ್ಟರಲ್ಲಿ ‘ಕಿರ್‍ರ್’ ಎಂಬ ದೀರ್ಘ ನಿಟ್ಟುಸಿರು ಕೇಳಿಸಿತು. ಅನಂತರ ನಾನೂ ಬೇಲಿಯೂ ಒಬ್ಬರನ್ನೊಬ್ಬರು ಬಿಡದೆ, ಬಹಳ ನಿಧಾನವಾಗಿ, ಹೆಂಡತಿ ಜತನದಿಂದ ಬೆಳೆಸಿದ್ದ ಕೊತ್ತಂಬರಿ ಕುಂಡಗಳ ಮೇಲೆ ಮಲಗಿದೆವು.

ಪಕ್ಕದ ಮನೆಯ ಹಿರಿಯ ಮಹಿಳೆ ಓಡಿಬಂದು, ಇದು ಅಪಘಾತ, ಯಾರದೂ ತಪ್ಪಿಲ್ಲವೆಂದು ಸಮಾಧಾನ ಹೇಳಿ ಟೀ ತರಲು ಹೋದರು. ಅವರ ಕಿಟಕಿಯ ಮೇಲಿದ್ದ ನೇಬರ್‌ಹುಡ್ ವಾಚ್ ಚೀಟಿಯನ್ನು ಮಾವನವರು ಆಗಲೇ ನೋಡಿದ್ದರಾದ್ದರಿಂದ, ಆಕೆ ಮೊದಲ ಗುಟುಕು ಕುಡಿಯುವ ತನಕ ತಮ್ಮ ಕಪ್ಪನ್ನು ಮುಟ್ಟಲಿಲ್ಲ. ಅದಕ್ಕಿಂತ ಹೆಚ್ಚಾಗಿ ಅವರನ್ನು ಕಾಡಿದ್ದು ‘ಅಪಘಾತ’ ಎಂಬ ಮಾತು. ರಸ್ತೆಯಲ್ಲಿ ವಾಹನ ಗುದ್ದಿಕೊಂಡರೆ ಅದನ್ನು ಅಪಘಾತ ಎನ್ನಬಾರದು, ಡಿಕ್ಕಿ ಎನ್ನಬೇಕು, ಅಪಘಾತವೆಂದರೆ ಯಾರದೂ ತಪ್ಪಿಲ್ಲವೆಂದು ಮೊದಲೇ ಒಪ್ಪಿಕೊಂಡಂತಾಗುತ್ತದೆ ಎಂಬುದು ಏಂಜೆಲ್‌ನ ಹಟ. ಮಾವನವರು ಅಡುಗೆಮನೆಯಿಂದ ನನ್ನ ಮಗಳ ನೋಟ್‌ಬುಕ್ ತಂದು, ಹಾಳೆಯ ಎಡಗಡೆ ಅಂಚು ಮಡಿಸಿ, ಸ್ಥಳ ಮಹಜರು ಬರೆಯಲು ಕೂತರು. ಫಿರ್ಯಾದಿ: ನನ್ನ ಹೆಂಡತಿ. ಆರೋಪಿ: ನಾನು. ನಷ್ಟ: ಕೊತ್ತಂಬರಿ ಎರಡು ಕುಂಡ, ಮೆಂತ್ಯ ಒಂದು ಕುಂಡ, ಮಾರುಕಟ್ಟೆ ಬೆಲೆ ತಿಳಿದುಬರಬೇಕಾಗಿದೆ. ಪಂಚರು ಮಾತ್ರ ಇಬ್ಬರು ಬೇಕು, ಇದ್ದವರು ಪಕ್ಕದ ಮನೆಯವರೊಬ್ಬರೇ. ಹೀಗೆ ಮಹಜರು ಅರ್ಧಕ್ಕೆ ನಿಂತಿತು.

ಶನಿವಾರ ಅವರ ಮನಸ್ಸನ್ನು ಬೇರೆಡೆಗೆ ಹೊರಳಿಸಲು ಬಸ್ಸಿನಲ್ಲಿ ವೆಲ್ಸ್‌ಗೆ ಕರೆದೊಯ್ದೆ. ಸ್ಯಾಂಡ್‌ಫರ್ಡ್ ಎಂದು ಚಿತ್ರದಲ್ಲಿ ತೋರಿಸಿದ್ದು ಸಾಮರ್‌ಸೆಟ್‌ನ ಈ ಪುಟ್ಟ ನಗರವನ್ನು. ನಿರ್ದೇಶಕ ಬೆಳೆದ ಊರದು. ಸಂತೆ ಬೀದಿಯನ್ನು ಮಾವನವರು ಕೂಡಲೇ ಗುರುತಿಸಿದರು. ಮುಂದಕ್ಕೆ ಎರಡು ಹೆಜ್ಜೆ ಇಟ್ಟದ್ದೇ ಬೃಹತ್ತಾದ ಕೆಥೀಡ್ರಲ್ ಎದುರಾಗಿ ಗಾಬರಿಯಾದರು, ಏಕೆಂದರೆ ಚಿತ್ರದಲ್ಲಿ ಅದರ ಸುಳಿವೇ ಇರಲಿಲ್ಲ. ಹಳ್ಳಿಯಲ್ಲಿ ಅಷ್ಟು ದೊಡ್ಡ ಇಗರ್ಜಿ ಹೊಂದುವುದಿಲ್ಲವೆಂದು ಅದನ್ನು ಕಂಪ್ಯೂಟರಿನಲ್ಲಿ ಅಳಿಸಿದ್ದಾರೆಂದು ವಿವರಿಸಿದೆ. “ಸಾಕ್ಷ್ಯನಾಶ” ಎಂದರು ಚುಟುಕಾಗಿ.

ಚಿತ್ರದಲ್ಲಿ ತಪ್ಪಿಸಿಕೊಂಡ ಹಂಸವೊಂದು ಪೊಲೀಸರನ್ನು ಗೋಳು ಹೊಯ್ದುಕೊಳ್ಳುತ್ತದೆ. ವೆಲ್ಸ್‌ನ ಬಿಷಪ್ ಅರಮನೆಯ ಕಂದಕದ ಹಂಸಗಳಿಗೆ ಹಸಿವಾದಾಗ ಗಂಟೆಯ ಹಗ್ಗ ಎಳೆದು ಊಟ ಕೇಳುವ ಪಾಠವನ್ನು 19ನೆಯ ಶತಮಾನದಲ್ಲೇ ಕಲಿಸಿದ್ದಾರೆ. ಅವು ಕಾನೂನುಪಾಲಕ ಹಂಸಗಳು. ಕೆಥೀಡ್ರಲ್ ಒಳಗೆ 600 ವರ್ಷಕ್ಕೂ ಹಳೆಯ ಗಡಿಯಾರವಿದೆ. ಪ್ರತಿ 15 ನಿಮಿಷಕ್ಕೊಮ್ಮೆ ಅದರ ಮೇಲೆ ಕುದುರೆ ಸವಾರರು ಸುತ್ತು ಹಾಕುತ್ತಾರೆ, ಮತ್ತು ಪ್ರತಿ ಸಲವೂ ಅದೇ ಸವಾರ ಏಟು ತಿಂದು ಹಿಂದಕ್ಕೆ ಮಗುಚುತ್ತಾನೆ. ಮೂರನೆಯ ಬಾರಿಯೂ ಆತ ಮಗುಚಿದ್ದನ್ನು ಕಂಡ ಮಾವನವರು ನನ್ನ ಕಡೆಗೆ ತಿರುಗಿ, “ಇದನ್ನೂ ಅಪಘಾತ ಅನ್ನುತ್ತಾರೇನು?” ಎಂದು ಕೇಳಿದರು.

ಸೋಮವಾರ ಹೊಸ ಬೇಲಿಯ ಹಲಗೆ ಬಂತು. ಅದು ತಲುಪಿದ್ದಕ್ಕೆ ನಾನು ತಂದುಕೊಟ್ಟವನ ಫೋನಿನ ಮೇಲೆ ಬೆರಳಿನಿಂದ ಸಹಿ ಗೀಚಿದೆ. ಅವನು ಹೊರಡುವಷ್ಟರಲ್ಲಿ ಮಾವನವರು ಮಡಿಸಿದ ಹಾಳೆ ಹಿಡಿದು ಅಡ್ಡ ನಿಂತರು. ಹಳೆಯ ಬೇಲಿ ಬಿದ್ದದ್ದಕ್ಕೆ ಎರಡನೆಯ ಪಂಚನಾಗಿ ಆತ, ಕನ್ನಡದ ಒಂದಕ್ಷರವೂ ಬಾರದವನು, ‘ಓದಿ ಕೇಳಿದೆ, ಸರಿಯಿದೆ’ ಎಂಬ ಸಾಲಿನ ಕೆಳಗೆ ಬಹಳ ಮುತುವರ್ಜಿಯಿಂದ ಸಹಿ ಹಾಕಿ ಹೋದ.