ಉಗ್ಗು ತಾಳಕ್ಕೆ ಕೂತಾಗ

ನನ್ನ ತಮ್ಮನಿಗೆ ಮಾತು ಉಗ್ಗುತ್ತದೆ. ಅದರಲ್ಲೂ 'ಕ' ಬಂದರೆ ಬಾಯಿ ಕಟ್ಟಿದ ಹಾಗೆ ಆಗುತ್ತದೆ. ನಮ್ಮ ಮನೆ ಇರುವುದೇ ಕೇರಳದ ಕಾಸರಗೋಡು ಜಿಲ್ಲೆಯ ಕುಂಬಳೆಯಲ್ಲಿ.

ಅವನು ಏಳನೇ ಕ್ಲಾಸಿನಲ್ಲಿದ್ದಾಗ ಒಂದು ಸಂಜೆ ಬದಿಯಡ್ಕದಿಂದ ಒಬ್ಬನೇ ಬಸ್ಸಿನಲ್ಲಿ ಬರುತ್ತಿದ್ದ. ಕಂಡಕ್ಟರ್ "ಎವಿಡೇಕ್ಕಾ?" ಅಂದರು, ಎಲ್ಲಿಗೆ ಅಂತ. ಮಲಯಾಳದಲ್ಲಿ ಕೇಳಿದರೆ ಅವನಿಗೆ ಉಗ್ಗು ಇನ್ನೂ ಜಾಸ್ತಿ. "ಕು... ಕು..." ಅಂದ. ಹಿಂದಿನ ಸೀಟಿನಿಂದ ಯಾರೋ ಅದನ್ನೇ ಅಣಕಿಸಿದರು. ತಮ್ಮ ಥಟ್ಟನೆ "ಸೀತಾಂಗೋಳಿ" ಅಂದುಬಿಟ್ಟ. 'ಸ' ಅವನಿಗೆ ಸುಲಭ. ಅಲ್ಲೇ ಇಳಿದು, ಉಳಿದ ದಾರಿ ನಡೆದು, ಕತ್ತಲಾದ ಮೇಲೆ ಮನೆ ಸೇರಿದ. ಚಪ್ಪಲಿ ಉಜ್ಜಿ ಹಿಮ್ಮಡಿ ಕೆಂಪಾಗಿತ್ತು. ಬಸ್ಸು ತಪ್ಪಿತು ಅಂತ ಅಮ್ಮನಿಗೆ ಸುಳ್ಳು ಹೇಳಿದ. ನನಗೆ ನಿಜ ಗೊತ್ತಾದದ್ದು ಎಷ್ಟೋ ವರ್ಷದ ಮೇಲೆ.

ಅದೇ ಹುಡುಗ ಕಣಿಪುರ ಗೋಪಾಲಕೃಷ್ಣ ದೇವಸ್ಥಾನದಲ್ಲಿ ಭಜನೆಗೆ ಕೂತರೆ "ಕೃಷ್ಣಾ" ಅಂತ ಎಳೆದು ಹಾಡುತ್ತಿದ್ದ. ಒಂದು ಚೂರೂ ತಡೆ ಇಲ್ಲ. ಉಗ್ಗುವ ಹೆಚ್ಚಿನವರು ಹಾಡುವಾಗ ಉಗ್ಗುವುದಿಲ್ಲ. ಪದ ಮೊದಲೇ ಗೊತ್ತಿರುತ್ತದೆ, ಸ್ವರ ಎಳೆಯುವುದರಿಂದ ದನಿ ಕಡಿಯುವುದಿಲ್ಲ, ತಾಳ ಕೈಹಿಡಿದು ಮುಂದಕ್ಕೆ ಒಯ್ಯುತ್ತದೆ. ಜೊತೆಗೆ ಹತ್ತು ಜನರ ದನಿ ಬೇರೆ.

ಹಾಗಾಗಿ ಹಾಡಿನಲ್ಲಿ ಬರುವ ಉಗ್ಗು ನಿಜವಾದ ಉಗ್ಗಲ್ಲ, ಬೇಕು ಅಂತ ಇಟ್ಟದ್ದು. ಅದು ಯಾವಾಗಲೂ ಸರಿಯಾಗಿ ತಾಳಕ್ಕೆ ಬೀಳುತ್ತದೆ. ನನ್ನ ತಮ್ಮನ 'ಕು' ಯಾವ ತಾಳಕ್ಕೂ ಬೀಳುವುದಿಲ್ಲ.

ಇಂಗ್ಲಿಷ್ ಹಾಡುಗಳಲ್ಲಿ ಈ ಚಾಳಿ ಹಳೆಯದು. 1918ರಲ್ಲೇ 'ಕೆ-ಕೆ-ಕೆ-ಕೇಟಿ' ಎಂಬ ಹಾಡು ಬಂತು. ಉಗ್ಗುವ ಸೈನಿಕನೊಬ್ಬ ಹುಡುಗಿಯ ಹೆಸರು ಹೇಳಲು ಒದ್ದಾಡುವುದೇ ಅದರ ತಮಾಷೆ. 1965ರಲ್ಲಿ 'ದಿ ಹೂ' ತಂಡದ 'ಮೈ ಜನರೇಷನ್' ಬಂತು. ಅಲ್ಲಿ ಉಗ್ಗು ತಮಾಷೆಗಲ್ಲ, ಹರೆಯದವನ ಸಿಟ್ಟು ಗಂಟಲಲ್ಲಿ ಸಿಕ್ಕಿಕೊಂಡ ಹಾಗೆ ಕೇಳುತ್ತದೆ. ಉಗ್ಗುವವರಿಗೆ ನೋವಾಗಬಹುದು ಅಂತ ಬಿಬಿಸಿ ಆ ಹಾಡನ್ನು ಹಾಕಲು ಮೊದಲು ಹಿಂಜರಿಯಿತು, ಆಮೇಲೆ ಹಾಕಿತು. ಹಾಕಿದ್ದು ಸರಿ ಅಂತಲೇ ನನ್ನ ಅನಿಸಿಕೆ. ಆದರೆ ಆ ಪ್ರಶ್ನೆ ಒಬ್ಬರಿಗಾದರೂ ಬಂತಲ್ಲ ಅನ್ನುವುದು ನನಗೆ ದೊಡ್ಡದು.

ನಮ್ಮಲ್ಲಿ ಯಾರಿಗೆ ಬಂದಿದೆ? ಯಕ್ಷಗಾನ ಆಟದ ರಂಗಸ್ಥಳದಲ್ಲಿ ಹಾಸ್ಯಗಾರ ಉಗ್ಗಿ ನಗಿಸುವುದನ್ನು ನಾನು ಎಷ್ಟೋ ಸಲ ನೋಡಿದ್ದೇನೆ. ಯಕ್ಷಗಾನ ಕವಿ ಪಾರ್ತಿಸುಬ್ಬ ಹುಟ್ಟಿದ ಊರು ನಮ್ಮದು, ಯಕ್ಷಗಾನ ಅಂದರೆ ನನಗೆ ಪ್ರಾಣ. ಆದರೂ ಆ ಹೊತ್ತಿಗೆ ಪಕ್ಕದಲ್ಲಿ ಕೂತ ತಮ್ಮನ ಮುಖ ನೋಡಲು ನನಗೆ ಆಗುತ್ತಿರಲಿಲ್ಲ.

ನಮ್ಮ ಮಾತಿನಲ್ಲೇ ಈ ಭೇದ ಇದೆ, ಅಲ್ವಾ? ಮಗು ತಡವರಿಸಿದರೆ ಅದು ತೊದಲ್ನುಡಿ, ಮುದ್ದು. ದೊಡ್ಡವನು ತಡವರಿಸಿದರೆ ಉಗ್ಗ, ಅದೇ ಅವನ ಅಡ್ಡಹೆಸರು. ನಾವು ದಿನವಿಡೀ ಕೇಳುವ ಮಲಯಾಳದಲ್ಲೂ ಹಾಗೇ. ಮಗುವಿನದು ಕೊಂಜಲ್, ದೊಡ್ಡವನಾದರೆ ವಿಕ್ಕನ್. ಬೈಗುಳದಲ್ಲಿ ಗಡಿಯ ಆಚೆ ಈಚೆ ವ್ಯತ್ಯಾಸ ಇಲ್ಲ. ಆದರೆ 2015ರಲ್ಲಿ ಮಲಯಾಳದವರು 'ಸು ಸು ಸುಧಿ ವಾತ್ಮೀಕಂ' ಎಂಬ ಸಿನಿಮಾ ಮಾಡಿದರು. ಅದರಲ್ಲಿ ಉಗ್ಗುವವನೇ ನಾಯಕ, ನಟ ಜಯಸೂರ್ಯ ಮಾಡಿದ್ದು. ನಾನು ನೋಡಿದ ಕನ್ನಡ ಸಿನಿಮಾಗಳಲ್ಲಿ ಉಗ್ಗುವವನು ಯಾವಾಗಲೂ ನಾಯಕನ ಪಕ್ಕದಲ್ಲಿ ನಿಂತವನು, ನಗಿಸಲಿಕ್ಕೆ ಬಂದವನು. ಈ ಒಂದು ವಿಷಯದಲ್ಲಿ ನೆರೆಯವರನ್ನು ನೋಡಿ ನನಗೆ ಹೊಟ್ಟೆಕಿಚ್ಚಾಗುತ್ತದೆ.

ಕಳೆದ ವರ್ಷ ತಮ್ಮನಿಗೆ ಅಮೆರಿಕದ ಗಾಯಕ ಸ್ಕ್ಯಾಟ್‌ಮ್ಯಾನ್ ಜಾನ್ ಹಾಡು ಕೇಳಿಸಿದೆ. ನಿಜ ಹೆಸರು ಜಾನ್ ಲಾರ್ಕಿನ್. ಚಿಕ್ಕಂದಿನಿಂದ ಉಗ್ಗು. ವರ್ಷಗಟ್ಟಲೆ ಜಾಜ್ ಪಿಯಾನೋ ನುಡಿಸಿದವರು. ಐವತ್ತು ದಾಟಿದ ಮೇಲೆ, 1994ರಲ್ಲಿ, ತನ್ನ ಉಗ್ಗನ್ನೇ ವಿಷಯ ಮಾಡಿಕೊಂಡು ಹಾಡಿದರು. ಅರ್ಥವಿಲ್ಲದ ಅಕ್ಷರಗಳನ್ನು ಪಟಪಟ ಉದುರಿಸುವ 'ಸ್ಕ್ಯಾಟ್' ಹಾಡುಗಾರಿಕೆ ಅದು. ನಮ್ಮವರು ಚೆಂಡೆಯ ಪೆಟ್ಟನ್ನು ಬಾಯಲ್ಲಿ ಹೇಳಿಕೊಟ್ಟ ಹಾಗೆ ಕೇಳುತ್ತದೆ. ಹಾಡು ಯುರೋಪಿನಲ್ಲೆಲ್ಲ ಓಡಿತು. 1999ರಲ್ಲಿ ಅವರು ತೀರಿಕೊಂಡರು.

ಹಾಡನ್ನು ತಮ್ಮ ಒಂದು ಸಲ ಕೇಳಿದ. ಚೆನ್ನಾಗಿದೆ ಅಂದ. ಆಮೇಲೆ ಕೇಳಿದ, "ಅಣ್ಣಾ, ಇವರು ಮಾ... ಮಾತಾಡಿದ್ದು ಎಲ್ಲಾದರೂ ಇದೆಯಾ?"

ಹುಡುಕಿದೆವು. ಹಳೆಯ ಸಂದರ್ಶನವೊಂದು ಸಿಕ್ಕಿತು. ಲಾರ್ಕಿನ್ ಕ್ಯಾಮೆರಾ ಮುಂದೆ ಉಗ್ಗುತ್ತಲೇ ಮಾತಾಡುತ್ತಾರೆ, ಮುಚ್ಚಿಡುವುದಿಲ್ಲ. ಫೋನನ್ನು ಕಿವಿಯ ಹತ್ತಿರ ಹಿಡಿದು ತಮ್ಮ ಅದನ್ನು ಕೊನೆಯವರೆಗೂ ಕೇಳಿದ. ಆಮೇಲೆ ಮೊದಲಿನಿಂದ ಮತ್ತೆ ಹಾಕಿದ.